ಗಾಜಿನ ಹಣೆ ಮುಟ್ಟಿದವರು

ಅವರ ಹೆಸರನ್ನು ನಾವು ಕೇಳಲೇ ಇಲ್ಲ, ಫಿಲ್ಮ್‌ನವರು ಎಂದೇ ಕರೆಯುತ್ತಿದ್ದೆವು. ನಾಯಂಡಹಳ್ಳಿಯ ನಮ್ಮ ಆಫೀಸಿನ ಪಶ್ಚಿಮದ ಗೋಡೆ ಪೂರ್ತಿ ಗಾಜು. ಬಿಸಿಲು ತಡೆಯಲಾಗದೆ ಅದಕ್ಕೆಲ್ಲ ಒಳಗಿನಿಂದ ಹಳೆಯ ಪೇಪರ್ ಅಂಟಿಸಿ, ಹಗಲಲ್ಲೂ ಲೈಟ್ ಹಾಕಿಕೊಂಡು ಕೂರುತ್ತಿದ್ದೆವು. ಆದರೂ ಕಿಟಕಿ ಪಕ್ಕದ ಮೇಡಂಗೆ ದಿನಾ ತಲೆನೋವು. ಕೆಲಸ ಬಿಡುತ್ತೇನೆ ಎಂದಿದ್ದರು.

ಗಾಜಿಗೆ ಕೂಲಿಂಗ್ ಫಿಲ್ಮ್ ಹಾಕಲು ಬಂದ ಈ ಸಣಕಲು ಮನುಷ್ಯ ಮೊದಲು ಮಾಡಿದ್ದು, ಜ್ವರದ ಮಗುವಿನ ಹಣೆ ಮುಟ್ಟುವಂತೆ ಹಿಂಗೈಯನ್ನು ಗಾಜಿಗೆ ಒತ್ತಿದ್ದು. ಎರಡು ದಿನ ಹೊರಗೆ, ಹಗ್ಗದಲ್ಲಿ ಇಳಿಬಿಟ್ಟ ಹಲಗೆಯ ಮೇಲೆ ಕೂತು ಫಿಲ್ಮ್ ಅಂಟಿಸಿದರು.

"ಬೆಳಕು ಬರುತ್ತೆ ಸಾರ್. ಬಿಸಿ ಆಕಾಶಕ್ಕೇ ವಾಪಸ್ ಹೋಗುತ್ತೆ."

"ನಿಜವಾಗ್ಲೂನಾ?" ಎಂದರೆ ಒಂದೇ ಉತ್ತರ: "ಕೈ ಇಟ್ಟು ನೋಡಿ."

ವಾರದ ಮೇಲೆ ಫಿಲ್ಮ್ ಹೇಗಿದೆ ಎಂದು ನೋಡಲು ಮತ್ತೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಏನ್ ಸಾರ್, ಇನ್ನೂ ಲೈಟ್ ಹಾಕ್ಕೊಂಡೇ ಕೂತಿದೀರಾ?"

"ಪೇಪರ್ ತೆಗೆಯೋಕೆ ಧೈರ್ಯ ಬರಲಿಲ್ಲ," ಎಂದೆ.

ಅವರು ಬೈಯಲಿಲ್ಲ. "ಒಂದ್ನಿಮಿಷ ಮೇಡಂ" ಎಂದು ಮೂಲೆ ಹಿಡಿದು ಪರ್ರನೆ ಎಳೆದರು. ನಾಲ್ಕು ಗಂಟೆಯ ಬೆಳಕು ಒಳಗೆ ಸುರಿಯಿತು. ನಾವೆಲ್ಲ ಅಭ್ಯಾಸಬಲದಿಂದ ಫೈಲುಗಳನ್ನು ಮುಖಕ್ಕೆ ಅಡ್ಡ ಹಿಡಿದೆವು. ಏನೂ ಸುಡಲಿಲ್ಲ. ಒಂದೊಂದಾಗಿ ಫೈಲುಗಳು ಕೆಳಗಿಳಿದವು.

"ಕೈ ಇಟ್ಟು ನೋಡಿ."

ಮೇಡಂ ಗಾಜಿನ ಮೇಲೆ ಕೈ ಇಟ್ಟವರು ತೆಗೆಯಲೇ ಇಲ್ಲ. ಎದುರಿಗೆ ಮೆಟ್ರೋ ಹಾದುಹೋಯಿತು. ಫಿಲ್ಮ್‌ನವರು ಆಗಲೇ ಮುಂದಿನ ಪೇಪರ್ ಎಳೆಯುತ್ತಿದ್ದರು.

"ಇಷ್ಟು ವರ್ಷ ನನ್ನ ಸೀಟಿಂದ," ಮೇಡಂ ಕೇಳಿದರು, "ಮೆಟ್ರೋ ಕಾಣ್ತಿತ್ತಾ?"