ದೊಡ್ಡಪ್ಪನ ಕತ್ತರಿ

ಮಗಳು ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಆ ವಾಸನೆಗೆ ಹೊಸಪೇಟೆಯ ಟಾಕೀಸಿನ ಪ್ರೊಜೆಕ್ಟರ್ ಕೋಣೆ ನೆನಪಾಯಿತು. ರೀಲು ಜೋಡಿಸುವ ಅಂಟೂ ಹೀಗೇ ಮೂಗಿಗೆ ಹೊಡೆಯುತ್ತಿತ್ತು. ಅಲ್ಲಿ ಆಪರೇಟರಾಗಿದ್ದ ದೊಡ್ಡಪ್ಪ, ಕೌಬಾಯ್ ಸಿನಿಮಾ ಬಂದರೆ ಸಾಕು, ಕತ್ತರಿ ಹಿಡಿಯುತ್ತಿದ್ದ. ಒಂದು ಸಿನಿಮಾದಲ್ಲಂತೂ ಪರದೆ ತುಂಬ ಹೀರೋನ ಎರಡು ಕಣ್ಣು, ಆಮೇಲೆ ಗುಂಡಿನ ಸದ್ದು. ಮರುಕ್ಷಣವೇ ಅವನು ಕುದುರೆ ಮೇಲಿರುತ್ತಿದ್ದ.

“ನಡುವಿಂದು ಎಲ್ಲಿ ಹೋತು ದೊಡ್ಡಪ್ಪ?”

“ಅದು ನಿನಗ ಬ್ಯಾಡಲೇ. ಒಳ್ಳೇವ ಗೆದ್ದ, ಮನಿಗೆ ನಡಿ.”

ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು, ನಾನೇ ಆ ಹೀರೋ ಎಂಬಂತೆ ಮನೆಗೆ ನಡೆಯುತ್ತಿದ್ದೆ.

ಇವತ್ತು ಅದೇ ಸಿನಿಮಾವನ್ನು ಮೊಬೈಲಿನಲ್ಲಿ ಪೂರ್ತಿ ನೋಡಿದೆ. ಗುಂಡು ಹಾರಿದ ಮೇಲೆ ಕ್ಯಾಮೆರಾ ನಿಧಾನವಾಗಿ ಸತ್ತವನ ಕೈಗೆ ಬರುತ್ತದೆ. ಅದರಲ್ಲಿ ಪಿಸ್ತೂಲೇ ಇಲ್ಲ!

ಸಿಟ್ಟು ಬಂದದ್ದು ಹೀರೋನ ಮೇಲಲ್ಲ. ಇಷ್ಟು ವರ್ಷ ನಾನು ನಂಬಿಕೊಂಡಿದ್ದ ಆ ಒಳ್ಳೆಯವನನ್ನು ಸೃಷ್ಟಿಸಿದ್ದು ದೊಡ್ಡಪ್ಪನ ಕತ್ತರಿ.