ಹಾರ ಹಾಕಿಕೊಂಡು ಕೂತವನು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಹಾಗೇ ಎದ್ದಿದ್ದೇನೆ. ಒಮ್ಮೆ ಕನ್ನಡಕ ಸರಿಯಿಲ್ಲ ಎಂಬ ನೆಪ, ಒಮ್ಮೆ ಮನೆಯಲ್ಲಿ ಜನ ಇದ್ದಾರೆ ಎಂಬ ನೆಪ. ನಿಜವಾಗಿ ಅಡ್ಡ ಬಂದದ್ದು ಹೆದರಿಕೆ. ಬಾಯಲ್ಲಿ ಹೇಳಿದ್ದನ್ನು ಆಮೇಲೆ ಹಾಗಲ್ಲ ಹೀಗೆ ಎಂದು ತಿದ್ದಬಹುದು. ಬರೆದರೆ ಅದು ನನ್ನ ಕೈಬರಹದಲ್ಲೇ ಉಳಿಯುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ತುಮಕೂರಿನಲ್ಲಿ ನಮ್ಮದು ಬಾಡಿಗೆ ಮನೆ. ಅಮ್ಮ, ನಾನು, ನನ್ನ ಹೆಂಡತಿ, ತಮ್ಮ, ಮತ್ತು ಹೊಸದಾಗಿ ಬಂದಿದ್ದ ತಮ್ಮನ ಹೆಂಡತಿ. ಅಪ್ಪ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಓದಿಸಿದವನು ನಾನು. ಅಂತರಸನಹಳ್ಳಿಯಲ್ಲಿ ನಾನಿದ್ದ ಕಾರ್ಖಾನೆಗೇ ಅವನನ್ನು ಸೇರಿಸಿದವನು, ಕುಣಿಗಲ್‌ಗೆ ಹೋಗಿ ಅವನಿಗೆ ಹೆಣ್ಣು ನೋಡಿ ಬಂದವನೂ ನಾನೇ. ಹುಡುಗಿಗೆ ತಂದೆತಾಯಿ ಇರಲಿಲ್ಲ, ಸೋದರಮಾವ ಸಾಕಿದ್ದ. "ಒಬ್ಳೇ ಮಗು ಸ್ವಾಮಿ, ಹಿಂದಿಲ್ಲ ಮುಂದಿಲ್ಲ" ಎಂದು ಅವನೇ ಮಾತುಕತೆಯ ದಿನ ಹೇಳಿದ್ದ. ತಾಪತ್ರಯ ಕಡಿಮೆ ಎಂದು ನಾವೂ ಒಪ್ಪಿಕೊಂಡಿದ್ದೆವು.

ಆ ವರ್ಷ ನಮ್ಮೂರು ಗುಬ್ಬಿಯ ಹಳೇ ಮನೆಯಿಂದ ಒಂದು ಟ್ರಂಕಿನ ತುಂಬ ಫೋಟೊ ಬಂದವು. ಯಾವುದರ ಹಿಂದೆಯೂ ಹೆಸರಿಲ್ಲ. ಗುರುತು ಹಿಡಿಯಬಲ್ಲವಳು ಅಮ್ಮ ಒಬ್ಬಳೇ, ಅವಳ ಕಣ್ಣೂ ಮಂಜಾಗುತ್ತಿತ್ತು. ಹಾಗಾಗಿ ಭಾನುವಾರ ಮಧ್ಯಾಹ್ನ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ಅಮ್ಮ ಹೇಳುವುದು, ನಾನು ಫೋಟೊ ಹಿಂದೆ ಬರೆಯುವುದು, ತಮ್ಮನ ಹೆಂಡತಿ ಹೊಸ ಆಲ್ಬಮ್ಮಿನ ಕಪ್ಪು ಹಾಳೆಗೆ ಮೂಲೆಕಾಗದ ಅಂಟಿಸಿ ಫೋಟೊ ಸಿಕ್ಕಿಸುವುದು. ಅಮ್ಮ ಮುಖ ನೋಡಿ ಗುರುತು ಹಿಡಿಯುತ್ತಿರಲಿಲ್ಲ. ವಾಲೆ, ಸೀರೆ ಅಂಚು, ನಿಂತ ರೀತಿ, ಇಷ್ಟೇ ಅವಳಿಗೆ ಸಾಕಿತ್ತು.

"ಇದೇನಮ್ಮ, ಈ ಮೂರು ಫೋಟೊದೋರೂ ಒಂದೇ ಕೋಟು ಹಾಕವ್ರೆ?" ಎಂದೆ ಒಂದು ದಿನ.

"ಅದು ಸ್ಟುಡಿಯೋದ್ ಕೋಟು ಕಣೋ. ಗುಬ್ಬೀಲಿ ಗಂಡ್ಸು ಅನ್ನೋರೆಲ್ಲ ಅದನ್ನೇ ಹಾಕ್ಕಂಡು ಫೋಟೊ ತೆಗೆಸ್ಕಂಡವ್ರೆ. ನಿಮ್ಮಪ್ಪ ಹಾಕ್ಕಂಡಾಗ ಬೆನ್ನಲ್ಲಿ ಪರ್ರಂತ ಹರ್ದೋಯ್ತು."

"ಅದಕ್ಕೇನಾ ಅತ್ತೆ, ಮಾವ ಹಿಂಗೆ ಗೋಡೆಗೆ ಅಂಟ್ಕಂಡು ನಿಂತಿರೋದು?" ಎಂದಳು ತಮ್ಮನ ಹೆಂಡತಿ. ಅಮ್ಮ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ನಾನೂ ನಕ್ಕೆ, ಆದರೆ ಬೇರೆ ಕಡೆ ಮುಖ ಮಾಡಿಕೊಂಡು. ನಮ್ಮ ಕಡೆ ಗಂಡನ ಅಣ್ಣನ ಎದುರು ತಮ್ಮನ ಹೆಂಡತಿ ನೇರ ಮಾತಾಡುವುದಿಲ್ಲ. ಅವನೂ ಅವಳನ್ನು ನೇರ ಏನನ್ನೂ ಕೇಳುವುದಿಲ್ಲ. ಏನಿದ್ದರೂ ಅಮ್ಮನ ಮೂಲಕ. ಈ ಪದ್ಧತಿಯನ್ನು ನಾನು ಮರ್ಯಾದೆ ಎಂದುಕೊಂಡಿದ್ದೆ. ಮುಂದೆ ಅದೇ ನನಗೆ ಒಳ್ಳೆಯ ಮರೆಯಾಯಿತು.

ಇನ್ನೊಂದು ಭಾನುವಾರ ಆಲ್ಬಮ್ಮಿನಲ್ಲಿ ತಮ್ಮನ ಮದುವೆ ಫೋಟೊದ ಒಂದು ಮೂಲೆ ಕಿತ್ತು ಬಂದಿತ್ತು. ಸರಿಮಾಡಲು ಎಳೆದೆ. ಅದರ ಹಿಂದಿನಿಂದ ಇನ್ನೊಂದು ಫೋಟೊ ಜಾರಿ ಚಾಪೆಯ ಮೇಲೆ ಬಿತ್ತು.

ಕುರ್ಚಿಯ ಮೇಲೆ ಒಬ್ಬ ತರುಣ ಕೂತಿದ್ದ. ಹೊಸ ಶರ್ಟು, ಎದೆಯೆಲ್ಲ ಮುಚ್ಚುವ ದಪ್ಪ ಹಾರ. ಕಣ್ಣು ಅಗಲಿಸಿ ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದ. ಆ ನೋಟ ನನಗೆ ಸೇರಲಿಲ್ಲ, ಯಜಮಾನನ ನೋಟ ಅನ್ನಿಸಿತು. ಪಕ್ಕದಲ್ಲಿ ಲಂಗ ದಾವಣಿಯ ಹುಡುಗಿ, ಅವನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು. ತಮ್ಮನ ಹೆಂಡತಿಯೇ. ಫೋಟೊ ಹಿಂದೆ ಕುಣಿಗಲ್‌ನ ಒಂದು ಸ್ಟುಡಿಯೋದ ಮೊಹರಿತ್ತು.

ಅಮ್ಮ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ಇದು ನೀನಲ್ವೇನೇ?"

"ಹೂಂ ಅತ್ತೆ."

"ಕೂತಿರೋನ್ಯಾರು?"

"ಗೊತ್ತಿಲ್ಲ ಅತ್ತೆ. ಯಾರೋ ನೆಂಟ್ರಿರ್ಬೇಕು." ಹಾಗೆನ್ನುತ್ತಲೇ ಅವಳ ಕೈ ಫೋಟೊ ಕಡೆ ಬಂತು. ಅದಕ್ಕಿಂತ ಮುಂಚೆ ನಾನು ತೆಗೆದುಕೊಂಡೆ. "ಇರ್ಲಿ ಕಣಮ್ಮ, ಕುಣಿಗಲ್ ಕಡೆಯೋರು ಯಾರಾದ್ರೂ ಬಂದಾಗ ಕೇಳಿ ಹೆಸ್ರು ಬರೀತೀನಿ" ಎಂದು ಅಮ್ಮನಿಗೆ ಹೇಳಿ ಜೇಬಿಗೆ ಹಾಕಿಕೊಂಡೆ.

ಹಾರ ಹಾಕಿಕೊಂಡವನ ಹೆಗಲ ಮೇಲೆ ಕೈಯಿಟ್ಟು ನಿಂತವಳಿಗೆ ಅವನು ಯಾರೆಂದು ಗೊತ್ತಿಲ್ಲವೇ? ಆ ಪ್ರಶ್ನೆ ನನ್ನ ಜೊತೆ ಕಾರ್ಖಾನೆಗೆ ಬಂತು, ಊಟಕ್ಕೆ ಕೂತಿತು. ನಾನು ಅವಳನ್ನು ಗಮನಿಸತೊಡಗಿದೆ. ಬಾಗಿಲ ಸದ್ದಾದರೆ ಬೆಚ್ಚುತ್ತಾಳೆ ಎನಿಸಿತು. ಪೋಸ್ಟ್‌ಮ್ಯಾನ್ ಬಂದರೆ ಮೊದಲು ಏಳುತ್ತಾಳೆ ಎನಿಸಿತು. ಒಂದು ಮಧ್ಯಾಹ್ನ ಬೇಗ ಮನೆಗೆ ಬಂದಾಗ ಅವಳು ಆಲ್ಬಮ್ಮಿನ ಒಂದೊಂದು ಹಾಳೆಯನ್ನೂ ತಡವಿ ಹುಡುಕುತ್ತಿದ್ದಳು. ನನ್ನನ್ನು ನೋಡಿದವಳೇ ಮುಚ್ಚಿಟ್ಟು ಅಡುಗೆಮನೆಗೆ ಹೋದಳು. ನನಗೆ ಅಷ್ಟು ಸಾಕಾಯಿತು. ಇವಳಿಗೆ ಮೊದಲೇ ಒಂದು ಮದುವೆಯಾಗಿದೆ, ಮಾವ ಅದನ್ನು ಮುಚ್ಚಿ ನಮಗೆ ಕಟ್ಟಿದ್ದಾನೆ ಎಂದು ತೀರ್ಮಾನಿಸಿದೆ.

"ಅನುಮಾನ ಇದ್ರೆ ಅವ್ಳನ್ನೇ ಕೇಳ್ಬಿಡಿ, ಮನುಷ್ಯರ ಥರ" ಎಂದಳು ನನ್ನ ಹೆಂಡತಿ.

"ತಮ್ಮನ ಹೆಂಡ್ತಿ ಹತ್ರ ನಾನು ಮಾತಾಡಕ್ಕಾಗುತ್ತೇನೇ?"

"ಮಾತಾಡಕ್ಕೆ ಮಾತ್ರ ಆಗಲ್ಲ, ಹಿಂದೆ ಹಿಂದೆ ನೋಡಕ್ಕಾಗುತ್ತೆ."

ನಾನು ಅವಳ ಮೇಲೆ ರೇಗಿದೆ. ರಜೆ ಹಾಕಿ ಕುಣಿಗಲ್‌ಗೆ ಹೋದೆ.

ಸ್ಟುಡಿಯೋ ಇದ್ದ ಜಾಗದಲ್ಲಿ ಜೆರಾಕ್ಸ್ ಅಂಗಡಿ ಇತ್ತು. ಸ್ಟುಡಿಯೋದವರ ಮಗನೇ ನಡೆಸುತ್ತಿದ್ದ. ಮೊಹರು ನೋಡಿ, "ನಮ್ಮಪ್ಪ ತೆಗ್ದಿರೋದೇ ಸಾರ್" ಎಂದ.

"ಮದುವೆ ಫೋಟೊ ಅಲ್ವಾ ಇದು?"

"ಹಾರ ಐತೆ ಅಂದ್ಮೇಲೆ ಇರ್ಬೋದು ಸಾರ್. ನಂಗೊತ್ತಿಲ್ಲ. ಅಪ್ಪ ಈಗ ಗುಬ್ಬೀಲಿ ನಮ್ಮಕ್ಕನ ಮನೇಲವ್ರೆ. ತೋರ್ಸಿ, ಹೇಳ್ತಾರೆ." ಗುಬ್ಬಿಯಲ್ಲಿ ಮನೆ ಯಾವುದೆಂದೂ ಹೇಳಿದ.

ಗುಬ್ಬಿ ನಾನು ಹುಟ್ಟಿ ಬೆಳೆದ ಊರು. ತುಮಕೂರಿನಿಂದ ಬೇಕಾದಷ್ಟು ಬಸ್ಸಿವೆ. ಅವನು ಹೇಳಿದ ಬೀದಿಯಲ್ಲಿ ನಾನು ಚಿಕ್ಕಂದಿನಲ್ಲಿ ಬುಗುರಿ ಆಡಿದ್ದೆ. ಆದರೂ ಹೋಗಲಿಲ್ಲ. ಈ ಬರಹದಲ್ಲಿ ಇದನ್ನು ಹೇಳುವುದೇ ನನಗೆ ಕಷ್ಟ. ಆ ಹೊತ್ತಿಗೆ ಅನುಮಾನ ನನಗೆ ರುಚಿಸತೊಡಗಿತ್ತು. ಮನೆಯಲ್ಲಿ ಬೇರೆ ಯಾರಿಗೂ ಕಾಣದ್ದು ನನಗೊಬ್ಬನಿಗೆ ಕಂಡಿದೆ ಎಂಬ ಜಂಬ. ಗುಬ್ಬಿಗೆ ಹೋಗಿ ಅದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ.

ಮರುದಿನ ಕಾರ್ಖಾನೆ ಎದುರಿನ ಟೀ ಅಂಗಡಿಯಲ್ಲಿ ಫೋಟೊವನ್ನು ತಮ್ಮನ ಕೈಗೆ ಕೊಟ್ಟೆ.

"ಯಾರಣ್ಣ ಇವ್ನು?"

"ಅದನ್ನ ನಿನ್ನ ಹೆಂಡ್ತೀನೇ ಕೇಳು. ನಂಗೇನು ಗೊತ್ತು?"

ಅವನು ಕೇಳಿದ. ಮಾರನೆಯ ದಿನ ಅದೇ ಬೆಂಚಿನ ಮೇಲೆ ಕೂತು ಹೇಳಿದ. ಮುಖದಲ್ಲಿ ಭಾರ ಇಳಿದ ಕಳೆ ಇತ್ತು.

"ಅವಳ ಅಣ್ಣನಂತೆ ಕಣಣ್ಣ. ಫಿಟ್ಸ್ ಬರ್ತಿತ್ತಂತೆ. ಕೆರೆ ಏರಿ ಮೇಲೆ ಹೋಗ್ವಾಗ ಫಿಟ್ಸ್ ಬಂದು ನೀರಿಗೆ ಬಿದ್ದು ಸತ್ತೋದ್ನಂತೆ. ಫಿಟ್ಸ್ ಇರೋ ಮನೆ ಹೆಣ್ಣು ಅಂದ್ರೆ ಯಾರೂ ತಗಳಲ್ಲ ಅಂತ ಅವ್ರ ಮಾವ ಬಾಯಿ ಬಿಡ್ಬೇಡ ಅಂತ ಆಣೆ ಹಾಕ್ಸಿದ್ನಂತೆ. ಬದ್ಕಿದ್ದಾಗ ತೆಗೆಸಿದ್ದು ಒಂದು ಫೋಟೊನೂ ಇರ್ಲಿಲ್ವಂತೆ. ಅದಕ್ಕೆ ಹೆಣಾನೇ ಕುರ್ಚಿ ಮೇಲೆ ಕೂರ್ಸಿ ತೆಗೆಸಿದ್ದು ಅಂತಾಳೆ."

ಅವನು ಅರ್ಧ ನಂಬಿದ್ದ. ಇನ್ನರ್ಧ ನಂಬಲು ನನ್ನ ಮುಖ ನೋಡುತ್ತಿದ್ದ. ನಾನು 'ಇರಬಹುದು ಕಣೋ' ಎಂದಿದ್ದರೆ ಆಗುತ್ತಿತ್ತು. ಅವನ ಜೇಬಿನಲ್ಲಿದ್ದ ಫೋಟೊ ತೆಗೆದು ಅವನ ಮುಖಕ್ಕೆ ಹಿಡಿದೆ.

"ಹೆಣಾನಾ? ಸರಿಯಾಗಿ ನೋಡ್ಲಾ. ಸತ್ತೋನು ಹಿಂಗೆ ಕಣ್ಣು ಬಿಟ್ಕಂಡು ನಿನ್ನೇ ನೋಡ್ತಾನೇನ್ಲಾ?"

ತಮ್ಮ ನೋಡಿದ. ಮೆಲ್ಲಗೆ ನಕ್ಕ. "ಹೌದಲ್ಲಣ್ಣ" ಎಂದ. ನಾನೂ ನಕ್ಕೆ. ಅವಳು ಸತ್ಯ ಹೇಳಿದ ಮಾರನೆಯ ದಿನ ನಾವಿಬ್ಬರೂ ಟೀ ಕುಡಿಯುತ್ತಾ ನಕ್ಕಿದ್ದು ಇದಕ್ಕೆ.

ತಮ್ಮ ಅವಳನ್ನು ಕುಣಿಗಲ್‌ಗೆ, ಅವಳ ಮಾವನ ಮನೆಗೆ ಬಿಟ್ಟು ಬಂದ. ಅಮ್ಮ ಊಟ ಬಿಟ್ಟು ಹಟ ಹಿಡಿದಳು. "ಯಾರೋ ಏನೋ, ನಿಮಗೆ ಅನ್ನ ಇಕ್ಕಿದ ಕೈ ಅದು, ಕರ್ಕಂಡ್ ಬರ್ರೋ" ಎಂದಳು. ಕೆಲವು ತಿಂಗಳ ಮೇಲೆ ಕರೆತಂದ. ನಮ್ಮ ಮನೆಗಲ್ಲ, ಕ್ಯಾತ್ಸಂದ್ರದಲ್ಲಿ ಬೇರೆ ಮನೆ ಮಾಡಿದ. ಫೋಟೊ ನನ್ನ ಬಳಿಯೇ ಉಳಿಯಿತು. ಅಮ್ಮನ ಕಣ್ಣು ಪೂರಾ ಮಂಜಾಯಿತು, ಭಾನುವಾರದ ಚಾಪೆ ಅಲ್ಲಿಗೆ ನಿಂತಿತು.

ಅಲ್ಲಿಂದ ಮುಂದೆ ತಮ್ಮ ಬೇರೆಯೇ ಮನುಷ್ಯನಾದ. ಶಿಫ್ಟ್ ಅದಲುಬದಲು ಮಾಡಿಕೊಂಡು ಹೇಳದೆ ಕೇಳದೆ ಮನೆಗೆ ಹೋಗುತ್ತಿದ್ದ. ಹಾಲಿನವನನ್ನು ಬದಲಾಯಿಸಿದ. ಅವಳು ಬೀದಿ ಬಾಗಿಲಿಗೆ ನಿಲ್ಲುವುದನ್ನೇ ಬಿಟ್ಟಳು. ಎಲ್ಲವನ್ನೂ ನನಗೆ ವರದಿ ಒಪ್ಪಿಸುತ್ತಿದ್ದ. ಬೇಸರವಾಗುತ್ತಿದ್ದರೂ ನಾನು ತಲೆಯಾಡಿಸುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅಮ್ಮ ಹೋದಳು. ಊರವರನ್ನೆಲ್ಲ ಫೋಟೊದಲ್ಲಿ ಗುರುತು ಹಿಡಿದವಳ ಒಂದು ಒಳ್ಳೆಯ ಫೋಟೊ ನಮ್ಮಲ್ಲಿರಲಿಲ್ಲ. ತೀರಿಕೊಂಡ ದಿನ ಮಲಗಿಸಿದ್ದಾಗ ನೆಂಟರೊಬ್ಬರು ತೆಗೆದಿದ್ದ ಒಂದನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋಗೆ ಒಯ್ದೆ. ಕಣ್ಣು ಮುಚ್ಚಿದೆ, ಇದನ್ನು ಹೇಗೆ ಗೋಡೆಗೆ ಹಾಕುವುದು ಎಂದೆ.

"ಅದಕ್ಕೆ ಯೋಚ್ನೆ ಮಾಡ್ಬೇಡಿ ಸಾರ್, ಕಣ್ಣು ತೆರೆದಂಗೆ ಮಾಡ್ಕೊಡ್ತೀವಿ. ಈಗ ಕಂಪ್ಯೂಟರ್ ಐತೆ. ಮುಂಚೆ ಬ್ರಷ್‌ನಲ್ಲಿ ಬರೀತಿದ್ರು. ಎಷ್ಟೋ ಮನೆ ಗೋಡೆ ಮೇಲಿರೋವು ಬರ್ದಿರೋ ಕಣ್ಣೇ ಸಾರ್, ಮನೆಯೋರಿಗೂ ಮರ್ತೋಗಿರುತ್ತೆ."

ಫ್ರೇಮ್ ಹಾಕಿಸಿದ ಫೋಟೊ ತರಲು ಹೋದ ದಿನ ಅಮ್ಮ ಅಗಲಕ್ಕೆ ಕಣ್ಣು ಬಿಟ್ಟು ನೆಟ್ಟಗೆ ನನ್ನನ್ನೇ ನೋಡಿದಳು. ಅಮ್ಮನ ನೋಟವಲ್ಲ ಅದು. ಆ ನೋಟ ನನಗೆ ಗೊತ್ತಿತ್ತು.

ಮನೆಗೆ ಬಂದು ಹಳೇ ಫೋಟೊ ಹೊರತೆಗೆದೆ. ಹಾರದ ಕೆಳಗಿನಿಂದ ಒಂದು ಟವೆಲ್ಲಿನ ಅಂಚು ಕುರ್ಚಿಯ ಹಿಂಬದಿಗೆ ಹೋಗಿತ್ತು. ಹುಡುಗಿಯ ತಲೆಯಲ್ಲಿ ಹೂವಿರಲಿಲ್ಲ. ಅವಳು ಹೆಗಲ ಮೇಲೆ ಕೈಯಿಟ್ಟಿರಲಿಲ್ಲ. ವಾಲದಂತೆ ಒತ್ತಿ ಹಿಡಿದಿದ್ದಳು. ಇದೆಲ್ಲ ಮೊದಲಿಂದಲೂ ಅಲ್ಲೇ ಇತ್ತು.

ಕ್ಯಾತ್ಸಂದ್ರಕ್ಕೆ ಹೋದೆ. ತಮ್ಮ ಕೆಲಸಕ್ಕೆ ಹೋಗಿದ್ದ. ಮೊದಲ ಸಲ ಅವಳ ಎದುರು ನಿಂತು ಫೋಟೊ ಕೊಟ್ಟೆ. ಅವಳು ಸೆರಗಿನಿಂದ ಅದನ್ನು ಒರೆಸಿದಳು.

"ಇದು ನಿಮ್ಮತ್ರ ಇತ್ತಾ ಭಾವ? ಇವ್ರು ಸುಟ್ಟಾಕ್ದೆ ಅಂದಿದ್ರು."

"ತಪ್ಪಾಯ್ತಮ್ಮ ನಂದು. ನೀನು ಹೇಳಿದ್ದೆಲ್ಲ ನಿಜ. ಈಗ ಗೊತ್ತಾಯ್ತು."

"ನನ್ನತ್ರ ಹೇಳಿ ಏನಾಗ್ಬೇಕು ಭಾವ? ಅದು ನಿಜ ಅಂತ ನಂಗೊತ್ತಿಲ್ವಾ? ಅವ್ರತ್ರ ಹೇಳಿ. ನಾನು ದೀಪ ಮುಟ್ಟಿ ಹೇಳಿದ್ರೂ ನಂಬ್ದೇ ಇರೋರು ನೀವು ಒಂದು ಮಾತಂದ್ರೆ ನಂಬ್ತಾರೆ. ಕೂತಿರಿ, ಬರೋ ಹೊತ್ತಾಯ್ತು. ಕಾಫಿ ಮಾಡ್ತೀನಿ."

ಕಾಫಿ ಕುಡಿದು ಮುಗಿಸುವ ಹೊತ್ತಿಗೆ ತಮ್ಮ ಬಂದ. ಚಪ್ಪಲಿ ಬಿಡುವ ಮೊದಲೇ ಅವನ ಕಣ್ಣು ನನ್ನ ಕೈಯ ಲೋಟದ ಮೇಲೆ, ಅವಳ ಮುಖದ ಮೇಲೆ, ಹಿತ್ತಲ ಬಾಗಿಲ ಮೇಲೆ ಹರಿದಾಡಿತು. ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ, "ಏನಣ್ಣ ಇದ್ದಕ್ಕಿದ್ದಂಗೆ? ಏನಾದ್ರೂ ಕಂಡ್ಯಾ?"

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಹೇಳಿದ್ದನ್ನೆಲ್ಲ ವೇದವಾಕ್ಯ ಎಂದುಕೊಂಡ ಹುಡುಗ ಅವನು. ಅವನೆದುರು ನಾನು ನೋಡಿದ್ದೇ ತಪ್ಪು, ನಿನ್ನ ಸಂಸಾರ ಕೆಡಿಸಿದೆ ಎನ್ನಬೇಕಿತ್ತು.

"ಏನಿಲ್ಲ ಕಣೋ. ಹಿಂಗೇ ಬಂದೆ."

ಅವಳು ಬಂದು ಲೋಟ ತೆಗೆದುಕೊಂಡು ಒಳಗೆ ಹೋದಳು.

ಆಮೇಲೆ ಹೇಳಿದರಾಯಿತು, ಹಬ್ಬ ಕಳೆಯಲಿ, ಅವನ ಮನಸ್ಸು ತಿಳಿಯಾಗಲಿ ಎಂದು ದೂಡುತ್ತಾ ಹೋದೆ. ಕೆಲವು ವರ್ಷಗಳಲ್ಲಿ ಅವನಿಗೆ ಲಿವರ್ ಕೆಟ್ಟಿತು. ಆಸ್ಪತ್ರೆಯಲ್ಲಿ ಅವನ ಮೈ ಒರೆಸಿ, ಗಂಜಿ ಕುಡಿಸಿ, ನೆಲದ ಮೇಲೆ ಮಲಗುತ್ತಿದ್ದವಳು ಅವಳೇ. ಒಂದು ಸಂಜೆ ಅವಳು ಹೊರಗೆ ಹೋದಾಗ ಅವನು ನನ್ನ ಕೈ ಹಿಡಿದ. ದನಿ ಗೊಗ್ಗರಾಗಿತ್ತು.

"ಅಣ್ಣ, ಆಚೆ ಯಾರತ್ರನೋ ಮಾತಾಡ್ತಾವ್ಳೆ. ಯಾರು ಅಂತ ಸ್ವಲ್ಪ ನೋಡು."

"ನರ್ಸಮ್ಮನತ್ರ ಕಣೋ. ನಿನ್ನ ಮಾತ್ರೆ ಕೇಳ್ತಾವ್ಳೆ."

"ಹೋಗಿ ನೋಡ್ಬುಟ್ಟು ಬಾ."

ಎದ್ದು ಹೋಗಿ ನೋಡಿ ಬಂದೆ. ನರ್ಸೇ ಎಂದೆ. ಆಗ ಅವನು ಕಣ್ಣು ಮುಚ್ಚಿದ. ಆ ವಾರವೇ ಹೋದ.

ಅವಳ ಬಳಿ ನಾನು ಆಮೇಲೂ ತಪ್ಪಾಯಿತು ಎಂದಿದ್ದೇನೆ. ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಆದರೆ ಕೇಳಿಸಿಕೊಂಡಿದ್ದಾಳೆ. ಅವಳನ್ನು ನಂಬಬೇಡ ಎಂದು ನಾನು ಕಲಿಸಿಕೊಟ್ಟದ್ದನ್ನು ಸಾಯುವವರೆಗೂ ಪಾಲಿಸಿಕೊಂಡು ಬಂದವನ ಮುಂದೆ ಆ ಮಾತನ್ನು ಒಮ್ಮೆಯೂ ಆಡಲಿಲ್ಲ. ನಾನು ಕ್ಷಮೆ ಕೇಳದೇ ಹೋದದ್ದು ನನ್ನ ತಮ್ಮನ ಬಳಿ.