ಬೊಂಬಾಯಿ ಗೊಂಬೆಗಳನ್ನು ವಾಪಸು ತಂದದ್ದು

ಕನ್ನಡಕದ ಅಂಗಡಿಯವನಿಗೆ ನನ್ನ ಮೇಲೆ ಸಿಟ್ಟು ಬಂದರೆ ತಪ್ಪಿಲ್ಲ. ಹೊಸ ಚೌಕಟ್ಟುಗಳನ್ನು ಗೋಡೆ ತುಂಬ ಜೋಡಿಸಿ ಕೂತವನ ಮುಂದೆ, ನಾನು ಐವತ್ತು ವರ್ಷಕ್ಕೂ ಹಳೆಯದೊಂದನ್ನು ಹಿಡಿದು "ಇದರ ಕಡ್ಡಿ ಸ್ವಲ್ಪ ಸರಿ ಮಾಡಿ ಕೊಡಿ" ಎಂದರೆ ಅವನಾದರೂ ಏನು ಮಾಡಿಯಾನು? ನನ್ನ ವಯಸ್ಸು ನೋಡಿ ಬೈಯಲಿಲ್ಲ. ಅರ ತೆಗೆದು ಕಡ್ಡಿಯ ತುದಿಯನ್ನು ಎರಡು ಸಲ ಉಜ್ಜಿದ. ಗಪ್ಪೆಂದು ಕರ್ಪೂರದ ವಾಸನೆ ಬಂತು.

"ಎಂತ ಅಜ್ಜ, ದೇವರ ಕೋಣೆಯಲ್ಲಿ ಇಟ್ಟಿದ್ರಾ ಇದನ್ನು?" ಎಂದು ನಕ್ಕ.

ನಾನೂ ನಗಬೇಕಿತ್ತು. ಆಗಲಿಲ್ಲ. ಈಗಿನ ಪ್ಲಾಸ್ಟಿಕ್ ಬರುವ ಮೊದಲು ಸೆಲ್ಯುಲಾಯ್ಡ್ ಅಂತ ಒಂದು ವಸ್ತು ಇತ್ತು. ಅದನ್ನು ಮಾಡುವಾಗ ಕರ್ಪೂರ ಸೇರಿಸುತ್ತಿದ್ದರಂತೆ. ಬಾಚಣಿಗೆ, ಕನ್ನಡಕದ ಚೌಕಟ್ಟು, ಸಾಬೂನಿನ ಡಬ್ಬಿ, ಎಲ್ಲ ಅದರಲ್ಲೇ ಆಗುತ್ತಿದ್ದವು. ಗೊಂಬೆಗಳೂ ಆಗುತ್ತಿದ್ದವು. ಆ ಗೊಂಬೆಗಳ ಸಂಗತಿಯನ್ನು ನಿಮಗೆ ಹೇಳಬೇಕು. ಅದು ನನ್ನ ಜಲಜಕ್ಕನ ಸಂಗತಿಯೂ ಹೌದು.

ಐವತ್ತರ ದಶಕ ಮುಗಿಯುತ್ತ ಬಂದ ಕಾಲ. ನನಗೆ ಹೆಂಚಿನ ಕಾರ್ಖಾನೆಯೊಂದರ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ಜೆಪ್ಪುವಿನಲ್ಲಿದ್ದ ಅಕ್ಕನ ಮನೆಯಿಂದ ನಡೆದೇ ಹೋಗಬಹುದಾದ ದಾರಿ, ಹಾಗಾಗಿ ಅಲ್ಲೇ ಉಳಿದಿದ್ದೆ. ಭಾವ ಬೊಂಬಾಯಿಯ ಹೋಟೆಲಿನಲ್ಲಿದ್ದರು, ವರ್ಷಕ್ಕೊಮ್ಮೆ ಬರುವವರು. ಮನೆಯಲ್ಲಿ ಅಕ್ಕ, ಆರು ವರ್ಷದ ಮಗಳು ಪುಷ್ಪ, ಮತ್ತೆ ಪೇಪರು ಓದಿ ಲೋಕಕ್ಕೆಲ್ಲ ಅಭಿಪ್ರಾಯ ಹೇಳುವ ನಾನು.

ಜಲಜಕ್ಕ ಜಗಳಗಂಟಿಯಲ್ಲ. ಜಗಳ ಮಾಡುವವರು ಒಂದು ಹೊತ್ತಿಗೆ ದಣಿಯುತ್ತಾರೆ, ಅಕ್ಕ ದಣಿಯುತ್ತಿರಲಿಲ್ಲ. ಒಮ್ಮೆ ದರ್ಜಿ ರವಕೆಯ ತೋಳನ್ನು ಸೊಟ್ಟಗೆ ಹೊಲಿದಿದ್ದ. ಅಕ್ಕ ಅವನ ಅಂಗಡಿಯ ಬೆಂಚಿನ ಮೇಲೆ ಕೂತು, ಬಂದ ಗಿರಾಕಿಗಳ ಹತ್ತಿರ ಮಳೆ ಬಿಸಿಲಿನ ಮಾತಾಡುತ್ತ, ಅವನು ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವವರೆಗೆ ಏಳಲಿಲ್ಲ. ಸ್ವರ ಏರಿಸಲೂ ಇಲ್ಲ. ಆ ಹೊತ್ತಿಗೆ ನಾನು ರಸ್ತೆಯಾಚೆ ನಿಂತು, ಈ ಹೆಂಗಸಿಗೂ ನನಗೂ ಸಂಬಂಧವಿಲ್ಲ ಎಂಬಂತೆ ಆಕಾಶ ನೋಡುತ್ತಿದ್ದೆ.

ಕೆಲಸ ಸಿಕ್ಕಿದ ಸಂತೋಷಕ್ಕೆ ಪುಷ್ಪನಿಗೆ ಗೊಂಬೆ ತಂದುಕೊಟ್ಟವನು ನಾನೇ. ಬಂದರಿನಲ್ಲಿ ಹಸನಬ್ಬ ಬ್ಯಾರಿಗಳ ಅಂಗಡಿ ಇತ್ತು. ಬೊಂಬಾಯಿಯಿಂದ ಮಂಜಿ ಎಂಬ ಸರಕಿನ ಹಾಯಿಹಡಗಿನಲ್ಲಿ ಬರುವ ಕನ್ನಡಿ, ಬಾಚಣಿಗೆ, ರಿಬ್ಬನ್ನು, ಆಟಿಕೆ ಎಲ್ಲ ಅವರಲ್ಲಿ ಸಿಗುತ್ತಿದ್ದವು. ಆ ಸಲ ಬಂದಿದ್ದು ಗುಲಾಬಿ ಮೈಯ, ನೀಲಿ ಕಣ್ಣಿನ ಗೊಂಬೆಗಳು. ಒಳಗೆ ಟೊಳ್ಳು, ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಆಗುವುದಿಲ್ಲ, ಅಷ್ಟು ಹಗುರ. ನೀಲಿ ಕಣ್ಣು ನೋಡಿ ಪುಷ್ಪ ಅದಕ್ಕೆ ದೊರೆಸಾನಿ ಎಂದು ಹೆಸರಿಟ್ಟಳು.

ಒಂದು ಆದಿತ್ಯವಾರ ಬೆಳಿಗ್ಗೆ. ಅಕ್ಕ ಪುಷ್ಪನಿಗೆ ಎಣ್ಣೆ ಹಚ್ಚಿ ಮೀಯಿಸಿ, ತಲೆ ಒರೆಸಿ, ಹೊಸ ಲಂಗ ತರಲು ಒಳಗೆ ಹೋದಳು. ಅಷ್ಟರಲ್ಲಿ ಪುಷ್ಪ ದೊರೆಸಾನಿಗೂ ಸ್ನಾನ ಮಾಡಿಸಿದ್ದಾಳೆ. ತಲೆ ಒಣಗಬೇಕಲ್ಲ, ಹಂಡೆಯ ಒಲೆಯ ಬಾಯಿಯ ಹತ್ತಿರ ಹಿಡಿದಿದ್ದಾಳೆ. ಒಲೆಯಲ್ಲಿ ಉರಿ ಇರಲಿಲ್ಲ, ಬರೀ ಕೆಂಡ.

ನಾನು ಜಗಲಿಯಲ್ಲಿ ಪೇಪರು ಓದುತ್ತಿದ್ದೆ. ಭುಸ್ಸೆಂದು ಹಾವು ಹೆಡೆಯೆತ್ತಿದಂಥ ಸದ್ದು, ಹಿಂದೆಯೇ ಮಗುವಿನ ಕಿರುಚು. ಓಡಿ ಹೋಗುವಾಗ ಬಚ್ಚಲು ಮನೆಯೊಳಗೆ ಬಿಳೀ ಬೆಳಕು. ಅಕ್ಕ ನನಗಿಂತ ಮೊದಲು ತಲಪಿದ್ದಳು. ಮಗುವಿನ ಕೈಯನ್ನು ತಣ್ಣೀರಿನ ಕೊಡದೊಳಗೆ ಮೊಣಕೈವರೆಗೆ ಅದ್ದಿ ಹಿಡಿದಿದ್ದಳು. ನೆಲದ ಮೇಲೆ ಗೊಂಬೆ ಇರಲಿಲ್ಲ. ಕರಗಿದ ಒಂದು ಕಾಲು ಮಾತ್ರ ಬಿದ್ದಿತ್ತು.

ಬಲಗೈಯ ಎರಡು ಬೆರಳುಗಳ ಚರ್ಮ ಸುಟ್ಟಿತ್ತು. ಡಿಸ್ಪೆನ್ಸರಿಯ ಡಾಕ್ಟರು ಮುಲಾಮು ಹಚ್ಚಿ ಬಟ್ಟೆ ಸುತ್ತಿ, "ಗುಣ ಆಗ್ತದೆ. ಬೆರಳು ಸ್ವಲ್ಪ ಬಗ್ಗಿಕೊಂಡೇ ಇರಬಹುದು" ಎಂದರು. ಮನೆಗೆ ಬಂದ ಮೇಲೆ ನಾನು ಕಂಬಕ್ಕೆ ಒರಗಿ ಅತ್ತೆ.

"ಅಕ್ಕ, ತಂದುಕೊಟ್ಟದ್ದು ನಾನು."

"ನೀನು ತಂದದ್ದು ಗೊಂಬೆ. ಅದು ಹೀಗೆ ಉರಿಯುತ್ತದೆ ಅಂತ ನಿನಗೆ ಗೊತ್ತಿತ್ತಾ?"

"ಇಲ್ಲ."

"ಹಾಗಾದ್ರೆ ಕಣ್ಣು ಒರೆಸಿಕೊ ಮಾರಾಯ. ಇಂಥದ್ದು ಇನ್ನು ಎಷ್ಟು ಮನೆಯಲ್ಲಿ ಉಂಟು ಅಂತ ಬ್ಯಾರಿಗಳತ್ರ ಕೇಳಿಕೊಂಡು ಬಾ."

ನಮ್ಮೊಳಗೆ ಮಾತೆಲ್ಲ ತುಳುವಿನಲ್ಲೇ. ಬರೆಯುವಾಗ ಕನ್ನಡವಾಗುತ್ತಿದೆ. ಆದರೆ ಅಕ್ಕನ ಆ ಸ್ವರ ಯಾವ ಭಾಷೆಯಲ್ಲೂ ಒಂದೇ.

ಮರುದಿನ ಹೋದೆ. ಅಂಗಡಿಯ ಎದುರು ಮೂರು ಸಲ ಆಚೆ ಈಚೆ ನಡೆದೆ. ಏನೆಂದು ಕೇಳುವುದು? ಬೆಂಕಿಗೆ ಹಿಡಿದರೆ ಯಾವ ವಸ್ತು ಉರಿಯುವುದಿಲ್ಲ ಎಂದು ಅವರು ತಿರುಗಿ ಕೇಳಿದರೆ ಏನು ಹೇಳುವುದು? ಚಹಾ ಕುಡಿದು ವಾಪಸು ಬಂದು, "ಅವರಿಗೆ ಗೊತ್ತಿಲ್ಲವಂತೆ" ಎಂದೆ. ಅಕ್ಕ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ನಾಳೆ ಅರ್ಧ ದಿನ ರಜೆ ಹಾಕು" ಎಂದಳು.

ಮಂಗಳವಾರ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಹಸನಬ್ಬ ಬ್ಯಾರಿಗಳು ನಲವತ್ತೈದರ ಆಸುಪಾಸಿನವರು, ಮೆಲುಮಾತಿನವರು. ಅಕ್ಕ ಹೇಳಿದ್ದನ್ನೆಲ್ಲ ಕೇಳಿ, "ಅಯ್ಯೋ ಅಲ್ಲಾ" ಎಂದು ಮಗುವಿನ ಕೈ ಹೇಗಿದೆ ಎಂದು ವಿಚಾರಿಸಿದರು. ಆಮೇಲೆ ಹೇಳಿದರು: "ಆದ್ರೆ ಅಕ್ಕ, ನಾನು ಗೊಂಬೆ ಮಾಡಿದವ ಅಲ್ಲ. ಮಾರಿದವ ಅಷ್ಟೇ. ಬೊಂಬಾಯಿಯವರು ಕಳಿಸ್ತಾರೆ."

"ಮಾಡಿದವನ ಮುಖ ನಾನು ನೋಡ್ಲಿಲ್ಲ ಬ್ಯಾರಿಗಳೇ. ನಿಮ್ಮ ಮುಖ ನೋಡಿದ್ದೇನೆ. ಹಾಗಾಗಿ ನಿಮ್ಮತ್ರ ಬಂದದ್ದು."

"ಬೆಂಕಿಯ ಹತ್ತಿರ ಕೊಂಡುಹೋದ್ರೆ ಬಟ್ಟೆಯೂ ಸುಡ್ತದೆ ಅಲ್ವಾ?"

ನಾನು ಹೆದರಿದ್ದ ಪ್ರಶ್ನೆ ಅದೇ. ಅಕ್ಕ ಚೀಲದಿಂದ ಒಂದು ಬಟ್ಟೆಯ ಗೊಂಬೆ, ಒಂದು ಮರದ ಗೊಂಬೆ ತೆಗೆದಳು. "ನಿಮ್ಮ ಕಪಾಟಿನಿಂದ ಒಂದು ಕೊಡಿ. ಇಲ್ಲಿ ಬೇಡ, ಧಕ್ಕೆಗೆ ಹೋಗುವ."

ಅಂಗಡಿಯ ಹಿಂದೆಯೇ ಧಕ್ಕೆ, ಹೊಳೆಗಿಳಿಯುವ ಕಲ್ಲಿನ ಮೆಟ್ಟಿಲು. ಪಕ್ಕದ ಚಹಾದವನು ತೆಂಗಿನ ಗೆರಟೆಯಲ್ಲಿ ಕೆಂಡ ಕೊಟ್ಟ. ಅಕ್ಕ ಕೆಂಡವನ್ನು ಬಟ್ಟೆಯ ಗೊಂಬೆಗೆ ಮುಟ್ಟಿಸಿದಳು. ಕಪ್ಪಾಯಿತು, ಹೊಗೆಯಾಡಿತು, ತಟ್ಟಿದರೆ ಆರಿತು. ಮರದ್ದಕ್ಕೆ ಬರೀ ಕಲೆ. ಬೊಂಬಾಯಿ ಗೊಂಬೆಯನ್ನು ಮೆಟ್ಟಿಲ ಮೇಲೆ ಮಲಗಿಸಿ, ಉದ್ದದ ಕೋಲಿನಿಂದ ಕೆಂಡವನ್ನು ಅದರತ್ತ ದೂಡಿದಳು. ಕೆಂಡ ತಾಗುವ ಮೊದಲೇ ಗೊಂಬೆ ಭುಸ್ಸೆಂದು ಹತ್ತಿತು. ಆಳೆತ್ತರದ ಜ್ವಾಲೆ. ಹತ್ತು ಎಣಿಸುವಷ್ಟರಲ್ಲಿ ಕಲ್ಲಿನ ಮೇಲೆ ಮಸಿ ಮಾತ್ರ ಉಳಿದಿತ್ತು.

ಹಸನಬ್ಬ ಬ್ಯಾರಿಗಳು ಬಗ್ಗಿ ಆ ಮಸಿಯನ್ನು ಮುಟ್ಟಿ ನೋಡಿದರು. ಹೊಳೆಯ ಕಡೆ ನೋಡಿದರು. ಆಮೇಲೆ ತಿರುಗಿ ತಮ್ಮ ಅಂಗಡಿಯ ಕಡೆ ನೋಡಿದರು.

"ಆ ಕಪಾಟಿನ ಮೇಲೆಯೇ ನಾನು ಲಾಟೀನು ತೂಗಿಸುವುದು ಅಕ್ಕ. ಅದರ ಮೇಲಿನ ಮಾಳಿಗೆಯಲ್ಲಿ ನನ್ನ ನಾಲ್ಕು ಮಕ್ಕಳು ಮಲಗ್ತಾರೆ."

ಅಷ್ಟು ಹೇಳಿ, ನೇರ ಅಂಗಡಿಗೆ ಹೋಗಿ, ಕಪಾಟಿನಲ್ಲಿದ್ದ ಗೊಂಬೆಗಳನ್ನೆಲ್ಲ ಗೋಣಿಗೆ ತುಂಬಿಸಿ, ಒದ್ದೆ ಮರಳಿನ ಮೇಲೆ ಇಟ್ಟು ಬಂದರು. ಒಂದು ಕ್ಷಣವೂ ಯೋಚಿಸಲಿಲ್ಲ. ಆ ಸಲದ ಪೆಟ್ಟಿಗೆಯಲ್ಲಿ ಬಂದದ್ದು ಎರಡು ಡಜನು, ಮಾರಿಹೋದದ್ದು ಹದಿನಾಲ್ಕು. ಯಾರಿಗೆ ಎಂದು ಎಲ್ಲೂ ಬರೆದಿಟ್ಟಿರಲಿಲ್ಲ. ಆದರೆ ಅವರಿಗೆ ಮುಖಗಳು ನೆನಪಿದ್ದವು. ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿ ಒಂದೊಂದೇ ಹೇಳುತ್ತ ಹೋದರು: ಜೆಪ್ಪುವಿನ ಹೆಡ್ ಮಾಸ್ಟರ ಮನೆಗೆ ಒಂದು, ಬೇಕರಿಯ ಕ್ರಿಸ್ತಿಯನ್ ಪೊರ್ಬುಗಳ ಮೊಮ್ಮಗಳಿಗೆ ಒಂದು, ಹೊಳೆಯಾಚೆಯ ಬೆಂಗ್ರೆಯಿಂದ ಮೀನು ತರುವ ಸೀತು ಕೊಂಡುಹೋದದ್ದು ಒಂದು. ನಾನು ಸಿಗರೇಟಿನ ಪ್ಯಾಕಿನ ಹಿಂದೆ ಬರೆದುಕೊಂಡೆ.

ವಾರವಿಡೀ ಅಕ್ಕ ಬಟ್ಟೆಯ ಗೊಂಬೆಗಳನ್ನು ಹೊಲಿದಳು. ತುಂಡುಬಟ್ಟೆ ಬ್ಯಾರಿಗಳ ಮನೆಯಿಂದ ಬಂತು. ಸಂಜೆ ಹೊತ್ತು ನಾವು ಮೂವರೂ ಮನೆ ಮನೆಗೆ ಹೊರಡುವುದು. ಬಾಗಿಲು ತಟ್ಟುವುದು ಅಕ್ಕ. "ನನ್ನ ಅಂಗಡಿಯಿಂದ ಆದ ತಪ್ಪು" ಎಂದು ಹೇಳುವುದು ಹಸನಬ್ಬ ಬ್ಯಾರಿಗಳು. ಚೀಲ ಹೊರುವುದು ನಾನು, ನನ್ನ ಯೋಗ್ಯತೆಗೆ ತಕ್ಕ ಕೆಲಸ. ಕೆಲವರು ಹೆದರಿ ಕೂಡಲೇ ಕೊಟ್ಟರು. ಕೆಲವರು ನಕ್ಕರು. ಹೆಡ್ ಮಾಸ್ಟರು ಒಳಗೆ ಕರೆಯಲೂ ಇಲ್ಲ.

"ನಮ್ಮ ಮಕ್ಕಳು ಬೆಂಕಿಯ ಹತ್ತಿರ ಹೋಗುವವರಲ್ಲ. ಅವರಿಗೆ ಶಿಸ್ತು ಉಂಟು."

"ನಮ್ಮವಳೂ ಹೋಗುವವಳಲ್ಲ ಮಾಸ್ಟ್ರೇ. ಹೋದದ್ದು ಒಂದೇ ದಿನ" ಎಂದು ಅಕ್ಕ ಅವರ ಮೆಟ್ಟಿಲ ಮೇಲೆ ಕೂತಳು. ದರ್ಜಿಯ ಬೆಂಚು ನೆನಪಾಗಿ ನಾನು ಆಕಾಶ ನೋಡತೊಡಗಿದೆ. ಅರ್ಧ ಗಂಟೆಯಲ್ಲಿ ಒಳಗಿನಿಂದ ಅವರ ಹೆಂಡತಿಯೇ ಗೊಂಬೆ ತಂದು ಅಕ್ಕನ ಮಡಿಲಲ್ಲಿ ಹಾಕಿ ಹೋದರು.

ಬೆಂಗ್ರೆಗೆ ಹೋದದ್ದು ರಜೆಯ ದಿನ, ದೋಣಿಯಲ್ಲಿ ಹೊಳೆ ದಾಟಿ. ಪುಷ್ಪ ಹಠ ಮಾಡಿ ಜೊತೆಗೆ ಬಂದಿದ್ದಳು. ಸೀತು ಅಂಗಳದಲ್ಲಿ ಬಲೆ ಹರಡಿ ಹರಿದಲ್ಲಿ ಗಂಟು ಹಾಕುತ್ತಿದ್ದಳು. ಮಗಳು ದೇವಕಿ ಪಕ್ಕದಲ್ಲೇ ಗೊಂಬೆಯನ್ನು ಮಲಗಿಸಿ ಕೂತಿದ್ದಳು. ಅಕ್ಕ ಎಲ್ಲವನ್ನೂ ಹೇಳಿ ಬಟ್ಟೆಯ ಗೊಂಬೆ ಮುಂದೆ ಮಾಡಿದಳು. ಸೀತು ಕೈ ನಿಲ್ಲಿಸಲಿಲ್ಲ.

"ಬಟ್ಟೆಯದ್ದು ನಾನೇ ಹೊಲಿದು ಕೊಟ್ಟೇನು ಅಕ್ಕ. ನೀಲಿ ಕಣ್ಣಿನದ್ದು ಬೇಕು ಅಂತ ಇವಳು ಮೂರು ತಿಂಗಳು ಕೇಳಿದ್ದು. ಪೇಟೆಯ ಮಕ್ಕಳಿಗೆ ಆಗ್ತದೆ, ನಮ್ಮ ಮಕ್ಕಳ ಕೈಯಿಂದ ಮಾತ್ರ ತೆಗೀಬೇಕಾ?"

ಅಕ್ಕ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡದ್ದನ್ನು ನಾನು ಅಂದೇ ಮೊದಲು ಕಂಡದ್ದು. ಬ್ಯಾರಿಗಳು ತಲೆ ತಗ್ಗಿಸಿದರು. ಆಗ ಪುಷ್ಪ ದೇವಕಿಯ ಪಕ್ಕ ಹೋಗಿ ಕೂತು, ಯಾರೂ ಹೇಳದೆ, ಕೈಗೆ ಸುತ್ತಿದ್ದ ಬಟ್ಟೆಯನ್ನು ತಾನೇ ಬಿಚ್ಚಿದಳು.

"ನನ್ನ ಗೊಂಬೆಗೂ ನೀಲಿ ಕಣ್ಣಿತ್ತು. ತಲೆ ಒಣಗಿಸ್ಲಿಕ್ಕೆ ಹೋದೆ."

ದೇವಕಿ ಆ ಬೆರಳುಗಳನ್ನು ನೋಡಿದಳು, ಗೊಂಬೆಯನ್ನು ನೋಡಿದಳು. ನಿಧಾನಕ್ಕೆ ಅದನ್ನೆತ್ತಿ ಅಮ್ಮನ ಬಲೆಯ ಮೇಲೆ ಇಟ್ಟು, ಅಮ್ಮನ ಬೆನ್ನಿಗೆ ಮುಖ ಒತ್ತಿಕೊಂಡಳು. ಸೀತು ಅಡಿಗೆಯ ಒಲೆಯ ಕಡೆ ನೋಡಿದಳು. ಮೇಲೆ ಒಣಗಿದ ತೆಂಗಿನ ಗರಿಯ ಮಾಡು, ಅದಕ್ಕೆ ತಾಗಿ ಪಕ್ಕದ ಮನೆಯ ಮಾಡು, ಹಾಗೆಯೇ ಕೊನೆಯವರೆಗೆ.

"ಗಾಳಿಯ ದಿನ ಆಗಿದ್ರೆ ಇಡೀ ಸಾಲೇ ಹೋಗ್ತಿತ್ತು" ಎಂದಳು. ಗೊಂಬೆಯನ್ನು ಅಕ್ಕನ ಕೈಗೆ ಕೊಟ್ಟು, ಕೂತುಕೊಳ್ಳಲು ಚಾಪೆ ತಂದಳು.

ಸೀತುವಿನ ಮಾತು ಅಕ್ಕನಿಗೆ ತಾಗಿತ್ತು. ಮನೆಗೆ ಬಂದವಳೇ ಹೊಸ ಗೊಂಬೆಯೊಂದನ್ನು ಹೊಲಿದು, ನೀಲಿ ನೂಲಿನಲ್ಲಿ ಕಣ್ಣು ಕಸೂತಿ ಹಾಕಿ, ಮರುದಿನ ಮೀನಿನ ಬುಟ್ಟಿಯ ಜೊತೆ ಬಂದ ಸೀತುವಿನ ಕೈಯಲ್ಲೇ ಕಳಿಸಿದಳು.

ಹದಿನಾಲ್ಕರಲ್ಲಿ ಒಂದು ಸುಟ್ಟದ್ದು, ಹನ್ನೆರಡು ವಾಪಸು ಬಂದವು. ಒಂದು ಸಿಗಲಿಲ್ಲ. ಅದನ್ನು ಕೊಂಡವನು ಛತ್ರಿ ಹಿಡಿದ, ಕಾಸರಗೋಡಿನ ರೈಲಿಗೆ ಅವಸರದಲ್ಲಿದ್ದ ಯಾರೋ. ಅಷ್ಟೇ ಬ್ಯಾರಿಗಳಿಗೆ ನೆನಪು. ಅಕ್ಕ ಎರಡು ಸಂಜೆ ಸ್ಟೇಷನ್ನಿಗೂ ಹೋಗಿ ಪೋರ್ಟರುಗಳಿಗೆ ಹೇಳಿ ಬಂದಳು. ನನ್ನಿಂದ ಇಂಗ್ಲಿಷಿನಲ್ಲಿ ಕಾಗದ ಬರೆಸಿ, ವಾಪಸು ಬಂದ ಮತ್ತು ಮಾರಾಟವಾಗದ ಗೊಂಬೆಗಳ ಜೊತೆ ಬ್ಯಾರಿಗಳು ಬೊಂಬಾಯಿಗೆ ಕಳಿಸಿದರು. ಬೇರೆ ಕಡೆಯಿಂದ ದೂರು ಬಂದಿಲ್ಲ ಎಂಬ ಎರಡು ಸಾಲಿನ ಉತ್ತರ ಬಂತು. ಅಕ್ಕ ಅದನ್ನು ಓದಿಸಿ ಕೇಳಿ, "ಇನ್ನೊಂದು ಬರೆ" ಎಂದಳು. ಐದು ಬರೆದೆ. ಐದನೆಯದಕ್ಕೆ, ಇನ್ನು ಮುಂದೆ ನಿಮ್ಮ ಊರಿಗೆ ಆ ಮಾಲು ಕಳಿಸುವುದಿಲ್ಲ ಎಂದು ಬರೆದರು. "ನಮ್ಮ ಊರಿಗೆ ಮಾತ್ರವಾ?" ಎಂದು ಅಕ್ಕ ಆರನೆಯದನ್ನು ಬರೆಸಿದಳು. ಅದಕ್ಕೆ ಉತ್ತರವೇ ಇಲ್ಲ.

ಹಸನಬ್ಬ ಬ್ಯಾರಿಗಳು ಆಮೇಲೆ ಬದುಕಿದ್ದಷ್ಟು ಕಾಲವೂ, ಹೊಸ ಆಟಿಕೆಯ ಪೆಟ್ಟಿಗೆ ಬಂದರೆ ಮೊದಲು ಒಂದನ್ನು ಧಕ್ಕೆಗೆ ಒಯ್ದು ಕೆಂಡ ಹಿಡಿದು ನೋಡುತ್ತಿದ್ದರು. ಬಣ್ಣ ಬಿಡುತ್ತದೋ ಎಂದು ನೀರಿನಲ್ಲಿ ಅದ್ದುತ್ತಿದ್ದರು, ಮೊಳೆ ಎದ್ದಿದೆಯೋ ಎಂದು ಬೆರಳಾಡಿಸುತ್ತಿದ್ದರು. ಉಳಿದ ಅಂಗಡಿಯವರು ನಗುತ್ತಿದ್ದರು. ಆಮೇಲಾಮೇಲೆ ಅವರೂ ತಂದು ತೋರಿಸತೊಡಗಿದರು. ಛತ್ರಿ ಹಿಡಿದ ಅಪರಿಚಿತರು ಯಾರು ಬಂದರೂ "ಕಾಸರಗೋಡಿನವರಾ?" ಎಂದು ಕೇಳುವುದನ್ನು ಬ್ಯಾರಿಗಳು ಕೊನೆಯವರೆಗೆ ಬಿಡಲಿಲ್ಲ. ನಮ್ಮ ಊರಿನ ಮಳೆಗಾಲದಲ್ಲಿ ಛತ್ರಿ ಇಲ್ಲದವರು ಯಾರಿದ್ದಾರೆ ಹೇಳಿ.

ಪುಷ್ಪನ ಬೆರಳು ಬಗ್ಗಿಯೇ ಉಳಿಯಿತು. ಅದೇ ಕೈಯಲ್ಲಿ ಅವಳು ಟೈಪಿಂಗ್ ಕಲಿತು, ಆಫೀಸು ನಡೆಸಿ ನಿವೃತ್ತಳಾದಳು. ಅಕ್ಕ ಹೋಗಿ ಹನ್ನೊಂದು ವರ್ಷವಾಯಿತು. ಹೋಗುವ ತಿಂಗಳ ಮೊದಲು ಒಂದು ದಿನ, ಏನೂ ಪ್ರಸ್ತಾಪವಿಲ್ಲದೆ, "ಆ ಒಂದು ಸಿಗಲಿಲ್ಲ ಅಲ್ವಾ?" ಎಂದಿದ್ದಳು.

ಈಗ ನಾನಿರುವುದು ಮಗನ ಮನೆಯಲ್ಲಿ, ಶಕ್ತಿನಗರದಲ್ಲಿ. ಕಳೆದ ತಿಂಗಳು ವ್ಯಾನಿನಲ್ಲಿ ಯಾರೋ ಬಂದು ಸೊಳ್ಳೆ ಹೊಡೆಯುವ ಬ್ಯಾಟು ಮಾರಿದ್ದರು. ಬೀದಿಯವರೆಲ್ಲ ಕೊಂಡರು, ನಾವೂ ಕೊಂಡೆವು. ಮೊನ್ನೆ ಚಾರ್ಜಿಗೆ ಹಾಕಿದ್ದಾಗ ಹಿಡಿಕೆ ಸೀಳಿ, ಒಳಗಿನ ತಂತಿ ಕಿಡಿ ಹಾರಿಸಿತು. ಪುಣ್ಯಕ್ಕೆ ಸೊಸೆ ಹತ್ತಿರವೇ ಇದ್ದಳು. "ಬಿಸಾಡುವ ಮಾವ, ಬೇರೆಯವರ ಉಸಾಬರಿ ನಮಗೆ ಯಾಕೆ" ಎಂದಳು. ನಾನೂ ತಲೆಯಾಡಿಸಿದೆ. ನನ್ನ ಹಳೆಯ ಅಭ್ಯಾಸ ಅದು.

ಕನ್ನಡಕ ಸರಿ ಮಾಡಿಸಿ ಬಂದವನು ಮನೆಯೊಳಗೆ ಹೋಗಲಿಲ್ಲ, ಬಿಸಾಡಲೆಂದು ಗೇಟಿನ ಹತ್ತಿರ ಇಟ್ಟಿದ್ದ ಬ್ಯಾಟನ್ನು ಎತ್ತಿಕೊಂಡೆ. ಪಕ್ಕದ ಮನೆಯ ಬಾಗಿಲು ತಟ್ಟಿದೆ. ಅವರು ಒಡೆದ ಹಿಡಿಕೆಯನ್ನು ನೋಡಿ ಕೂಡಲೇ ಪ್ಲಗ್ಗು ಕಿತ್ತರು. ಎರಡನೆಯ ಮನೆಯಲ್ಲಿ ಯಾರೂ ಇರಲಿಲ್ಲ, ಚೀಟಿ ಬರೆದಿಟ್ಟೆ. ಮೂರನೆಯ ಮನೆಯ ಯುವಕ ಮೊಬೈಲಿನಿಂದ ಕಣ್ಣೆತ್ತದೆ, "ನಮ್ಮದು ಸರಿ ಉಂಟು ಅಂಕಲ್" ಎಂದ.

"ನಮ್ಮದೂ ಸರಿ ಇತ್ತು, ಮೊನ್ನೆಯವರೆಗೆ" ಎಂದೆ.

ಅವನು ಬಾಗಿಲು ಹಾಕಲಿಲ್ಲ, ಒಳಗೆ ಕರೆಯಲೂ ಇಲ್ಲ. ನನಗೆ ಮೊಣಕಾಲು ನೋವು, ಆದರೂ ಅವಸರವಿರಲಿಲ್ಲ. ಆಕಾಶ ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತ ಮೆಟ್ಟಿಲ ಮೇಲೆ ಕೂತೆ.